ಸೀಸನ್ ಮುಗಿಯುವ ಹೊತ್ತಿಗೆ ಮರುಭೂಮಿಯಲ್ಲಿ ಸೈಕಲ್: ಮೋಆಬ್ ಕಡೆ ಹೊರಡುವ ಮುಂಚೆ

ಅಮೆರಿಕದ ಯೂಟಾ ರಾಜ್ಯದ ಮೋಆಬ್‌ಗೆ ಸೈಕಲ್ ತುಳಿಯಲು ಯಾವಾಗ ಹೋಗಬೇಕು ಅಂತ ಕೇಳಿದರೆ ಹೆಚ್ಚಿನವರು ಏಪ್ರಿಲ್ ಅನ್ನುತ್ತಾರೆ, ಇಲ್ಲವಾದರೆ ಸೆಪ್ಟೆಂಬರ್ ಕೊನೆ. ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮುಗಿಯುವ ತನಕ. ಮಧ್ಯಾಹ್ನದ ಬಿಸಿಲು ಮೈಗೆ ಹಿತವಾಗಿರುತ್ತದೆ, ಸೈಕಲ್ ಸಮೇತ ಬೆಟ್ಟದ ಮೇಲೆ ಬಿಡುವ ಶಟಲ್ ಗಾಡಿಯಲ್ಲಿ ಸೀಟು ಸಿಗುತ್ತದೆ, ರೂಮಿನ ಬಾಡಿಗೆ ಇಳಿದಿರುತ್ತದೆ, ಟ್ರೈಲ್‌ನಲ್ಲಿ, ಅಂದರೆ ಸೈಕಲ್ ತುಳಿಯುವ ಕಾಲುದಾರಿಯಲ್ಲಿ, ಎದುರಿಗೆ ಬರುವವರೂ ಕಮ್ಮಿ. ಜುಲೈನಲ್ಲಿ 37 ಡಿಗ್ರಿ ಕಾಯುವ ಊರು ನವೆಂಬರ್ ಮಧ್ಯಾಹ್ನ 13 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಮೌಂಟನ್ ಬೈಕ್ ತುಳಿಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಈ ಕಾಲದ ಪ್ಲಾನು ಬೇರೆ ಥರ. ಬೇಸಿಗೆಯಲ್ಲಿ ದೂರ ಎಷ್ಟು, ನೀರು ಎಷ್ಟು ಅಂತ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಈಗ ಲೆಕ್ಕ ಹಾಕಬೇಕಾದದ್ದು ಬಿಸಿಲನ್ನು. ಎಷ್ಟು ಹೊತ್ತು ಇರುತ್ತದೆ, ಯಾವ ಬಂಡೆಯ ಮೇಲೆ ಎಷ್ಟೊತ್ತಿಗೆ ಬೀಳುತ್ತದೆ, ಯಾವ ತಿರುವಿಗೆ ದಿನವಿಡೀ ಬೀಳುವುದೇ ಇಲ್ಲ, ಇಷ್ಟು ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಕೂಡಿ ಬರುತ್ತದೆ. ಕೆಳಗೆ ಬರೆದಿರುವ ಕ್ರಮದಲ್ಲೇ ಪ್ಲಾನ್ ಮಾಡಿ. ಜಾಗ ಮೊದಲು, ಸೈಕಲ್ ಆಮೇಲೆ.

ಮೊದಲು ಎತ್ತರ ನೋಡಿ

ಮ್ಯಾಪಿನಲ್ಲಿ ಎಲ್ಲವೂ ಕೆಂಪು ಬಂಡೆ, ಎಲ್ಲವೂ ಮರುಭೂಮಿಯೇ. ಆದರೆ ಎತ್ತರ ಬದಲಾದರೆ ಕಾಲವೇ ಬದಲಾಗುತ್ತದೆ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರು ಡಿಗ್ರಿ ತಣ್ಣಗಾಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮೋಆಬ್ ಊರು ಇರುವುದು 1,200 ಮೀಟರ್ ಎತ್ತರದಲ್ಲಿ. ಕೊಲೊರಾಡೋದ ಫ್ರೂಟಾ ಅದಕ್ಕಿಂತ ಸ್ವಲ್ಪ ಮೇಲೆ, ಮೋಆಬ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ. ಯೂಟಾದ ನೈಋತ್ಯ ಮೂಲೆಯ ಸೇಂಟ್ ಜಾರ್ಜ್ ಸುಮಾರು 850 ಮೀಟರ್‌ನಲ್ಲಿದೆ, ಹಾಗಾಗಿ ಮೋಆಬ್ ಹೆಪ್ಪುಗಟ್ಟಿದ ದಿನವೂ ಅಲ್ಲಿ ಬರೀ ಜರ್ಸಿಯಲ್ಲಿ ಸೈಕಲ್ ತುಳಿಯಬಹುದು. ಇನ್ನೂ ದಕ್ಷಿಣಕ್ಕೆ ಇಳಿದರೆ ಅರಿಜೋನಾದ ಫೀನಿಕ್ಸ್ ಮತ್ತು ಟೂಸಾನ್. ಅಲ್ಲಿ ನವೆಂಬರ್ ಅಂದರೆ ಸೀಸನ್ ಶುರುವಾಗುವ ತಿಂಗಳು.

ಹಾಗಾಗಿ ನನ್ನ ಸಲಹೆ ಇಷ್ಟು. ರಜೆ ಮತ್ತು ತಾರೀಖು ಗಟ್ಟಿ ಮಾಡಿಕೊಳ್ಳಿ, ಜಾಗವನ್ನು ಮಾತ್ರ ಸ್ವಲ್ಪ ಸಡಿಲ ಬಿಡಿ. ಒಂದು ಎತ್ತರದ ಜಾಗ, ಒಂದು ತಗ್ಗಿನ ಜಾಗ, ಎರಡೂ ಕೈಯಲ್ಲಿರಲಿ. ಅಕ್ಟೋಬರ್ ಕೊನೆ ಅಂದರೆ ಮೋಆಬ್ ಮತ್ತು ಫ್ರೂಟಾ. ನವೆಂಬರ್ ಎರಡನೇ ವಾರದ ಮೇಲೆ ಮೋಆಬ್ ಇಟ್ಟುಕೊಂಡು ಸೇಂಟ್ ಜಾರ್ಜ್ ಅನ್ನು ಬದಲಿಯಾಗಿ ಇಟ್ಟಿರಿ. ಎರಡರ ನಡುವೆ ಸುಮಾರು ಐದು ಗಂಟೆಯ ಡ್ರೈವ್. ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವ ರೂಮನ್ನೇ ಹಿಡಿಯಿರಿ, ನೂರು ರೂಪಾಯಿಗೆ ಹತ್ತು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ. ಹೊರಡುವ ನಾಲ್ಕೈದು ದಿನ ಮುಂಚೆ ಹವಾಮಾನ ನೋಡಿ ತೀರ್ಮಾನಿಸಿ, ಅದಕ್ಕೂ ಮುಂಚಿನ ಮುನ್ಸೂಚನೆ ನಂಬಿಕೊಂಡು ಕೂರಬೇಡಿ. ಹವಾಮಾನ ನೋಡುವಾಗ ಊರಿನದ್ದನ್ನು ಮಾತ್ರ ನೋಡಿದರೆ ಸಾಲದು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಮ್ಯಾಪಿನಲ್ಲಿ ಟ್ರೈಲ್ ಶುರುವಾಗುವ ಜಾಗದ ಮೇಲೆಯೇ ಕ್ಲಿಕ್ ಮಾಡಿದರೆ ಆ ಎತ್ತರದ ಮುನ್ಸೂಚನೆ ಸಿಗುತ್ತದೆ.

ಹೋಲ್ ಎಂಚಿಲಾಡಾ ಅನ್ನುವ ಟ್ರೈಲ್ ಬಗ್ಗೆ ಎರಡು ಮಾತು, ಯಾಕೆಂದರೆ ಮೋಆಬ್‌ಗೆ ಹೋಗುವವರೆಲ್ಲ ಅದರ ಕನಸು ಕಟ್ಟಿಕೊಂಡೇ ಹೋಗುತ್ತಾರೆ. ಅದು ಲಾ ಸಾಲ್ ಬೆಟ್ಟಗಳ ಬರೋ ಪಾಸ್ ಅನ್ನುವ ಘಟ್ಟದಲ್ಲಿ, ಸುಮಾರು 3,400 ಮೀಟರ್ ಎತ್ತರದಲ್ಲಿ ಶುರುವಾಗಿ ಕೊಲೊರಾಡೋ ನದಿಯ ದಡದಲ್ಲಿ ಮುಗಿಯುತ್ತದೆ. ಎರಡು ಸಾವಿರ ಮೀಟರ್‌ಗೂ ಮೇಲಿನ ಇಳಿತ. ಸೀಸನ್ ಕೊನೆಯಲ್ಲಿ ಮೇಲಿನ ಭಾಗಕ್ಕೆ ಹಿಮ ಬಿದ್ದು ಮುಚ್ಚಿರುತ್ತದೆ. ಆಗ ಶಟಲ್‌ನವರು ಕೆಳಗಿನ ಜಾಗಗಳಿಗೆ ಬಿಡುತ್ತಾರೆ: ಹ್ಯಾಜರ್ಡ್ ಕೌಂಟಿ, ಅದೂ ಆಗದಿದ್ದರೆ ಇನ್ನೂ ಕೆಳಗಿನ ಯುಪಿಎಸ್, ಅಂದರೆ ಅಪ್ಪರ್ ಪೋರ್ಕ್ಯುಪೈನ್ ಸಿಂಗಲ್‌ಟ್ರ್ಯಾಕ್ (ಒಂದೇ ಸೈಕಲ್ ಹಿಡಿಸುವ ಕಿರಿದಾದ ದಾರಿ). ಮೇಲಿನದು ಸಿಗಲಿಲ್ಲ ಅಂತ ಬೇಜಾರು ಬೇಡ. ಪ್ರಪಾತದ ಅಂಚಿನಲ್ಲೇ ಸಾಗುತ್ತಾ ಕೆಳಗೆ ಕ್ಯಾಸಲ್ ವ್ಯಾಲಿ ಕಾಣುವ ಭಾಗ ಇರುವುದು ಯುಪಿಎಸ್‌ನಿಂದ ಕೆಳಗೇ, ಕಲ್ಲಿನ ಮೆಟ್ಟಿಲುಗಳ ಪೋರ್ಕ್ಯುಪೈನ್ ರಿಮ್ ಕೂಡ ಅಲ್ಲೇ. ಹಿಮದಲ್ಲಿ ಸೈಕಲ್ ಹೊತ್ತುಕೊಂಡು ಪಾಸ್ ದಾಟುವ ಹಟ ಮಾಡಿದರೆ ಕೆಳಗಿನ ಒಳ್ಳೆಯ ಭಾಗ ಕತ್ತಲಲ್ಲಿ ಕಳೆದುಹೋಗುತ್ತದೆ.

ಆಮೇಲೆ ಬೆಳಕು

ನವೆಂಬರ್‌ನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಶನಿವಾರ ಸಂಜೆ ಆರೂಕಾಲಿನವರೆಗೆ ಇದ್ದ ಬಿಸಿಲು ಭಾನುವಾರ ಐದೂಕಾಲಿಗೇ ಹೋಗಿರುತ್ತದೆ. ತಿಂಗಳ ಕೊನೆಗೆ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ, ಮುಳುಗುವುದು ಐದಕ್ಕೆ. ಕಾಗದದ ಮೇಲೆ ಹತ್ತು ಗಂಟೆ ಬೆಳಕು. ಆದರೆ ಕಣಿವೆಯೊಳಗೆ ಅಷ್ಟೆಲ್ಲ ಸಿಗುವುದಿಲ್ಲ, ಎತ್ತರದ ಗೋಡೆಗಳು ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನುಂಗುತ್ತವೆ. ಬೆಳಗ್ಗೆ ಸೊನ್ನೆ ಡಿಗ್ರಿ ಇದ್ದರೆ ಹತ್ತರ ತನಕ ಬಂಡೆ ಬೆಚ್ಚಗಾಗುವುದೂ ಇಲ್ಲ.

ಅದಕ್ಕೇ ನಾನು ದಿನವನ್ನು ಹತ್ತರಿಂದ ನಾಲ್ಕು ಅಂತ ಹಿಡಿಯುತ್ತೇನೆ. ಆರು ಗಂಟೆ, ಅಷ್ಟೇ. ಆ ಆರು ಗಂಟೆಯಲ್ಲಿ ನಿಮ್ಮ ಮಾಮೂಲಿ ವೇಗದಲ್ಲಿ ಎಷ್ಟು ಮುಗಿಯುತ್ತದೋ ಅದರ ಮುಕ್ಕಾಲು ಭಾಗದ ಟ್ರೈಲ್ ಆರಿಸಿಕೊಳ್ಳಿ. ಮೋಆಬ್‌ನ ಕಲ್ಲುಗಳ ಮೇಲೆ ಗಂಟೆಗೆ ಹತ್ತು ಕಿಲೋಮೀಟರ್ ಕೂಡ ಸುಲಭಕ್ಕೆ ಬರುವುದಿಲ್ಲ. ಹೊರಡುವ ಮುಂಚೆಯೇ ವಾಪಸ್ ತಿರುಗುವ ಹೊತ್ತು ಗುಂಪಿನ ಎಲ್ಲರಿಗೂ ಹೇಳಿಬಿಡಿ. ಒಂದೂವರೆ ಅಂದರೆ ಒಂದೂವರೆ. ತುದಿ ಹತ್ತಿರದಲ್ಲೇ ಕಾಣುತ್ತಿದ್ದರೂ ತಿರುಗಲೇಬೇಕು. ಬಿಸಿಲು ಹೋದ ಅರ್ಧ ಗಂಟೆಯಲ್ಲಿ ಮರುಭೂಮಿಯಲ್ಲಿ ಚಳಿ ಎಷ್ಟು ಬೇಗ ಏರುತ್ತದೆ ಅಂತ ಊಹಿಸುವುದು ಕಷ್ಟ, ಒಣ ಗಾಳಿ ಶಾಖವನ್ನು ಹಿಡಿದಿಡುವುದೇ ಇಲ್ಲ. ಬೆವರಿದ ಬಟ್ಟೆಯಲ್ಲಿ ಇರುವವರು ಆಗ ನಡುಗಲು ಶುರುಮಾಡುತ್ತಾರೆ. ಹೆಡ್‌ಲೈಟ್ ಒಂದು ಬ್ಯಾಗಿನಲ್ಲಿ ಇದ್ದೇ ಇರಲಿ, ಹಗಲಿನಲ್ಲೇ ಮುಗಿಸುವ ಪ್ಲಾನ್ ಇದ್ದರೂ.

ದಿನ ದಿನದ ಪ್ಲಾನನ್ನು ನೆರಳು ನೋಡಿ ಜೋಡಿಸಿ

ಇದು ಈ ಲೇಖನದ ಮುಖ್ಯ ಭಾಗ. ಒಂದೇ ದಿನ, ಒಂದೇ ಊರು, ಆದರೆ ಎರಡು ಟ್ರೈಲ್‌ಗಳ ಸ್ಥಿತಿ ಪೂರ್ತಿ ಬೇರೆ ಇರಬಹುದು.

ಬೆಳಗ್ಗೆಗೆ ಪೂರ್ವಕ್ಕೋ ದಕ್ಷಿಣಕ್ಕೋ ತೆರೆದುಕೊಂಡ ಟ್ರೈಲ್ ಬೇಕು. ಊರಿನ ಉತ್ತರಕ್ಕಿರುವ ಮೋಆಬ್ ಬ್ರ್ಯಾಂಡ್ಸ್ ಮತ್ತು ಕ್ಲೋಂಜೋ ಬಯಲಾಗಿವೆ, ಬೇಗ ಬಿಸಿಲು ಬೀಳುತ್ತದೆ, ಮೊದಲ ದಿನ ಕೈಕಾಲು ಪಳಗಿಸಿಕೊಳ್ಳಲೂ ಸರಿ. ಹೊಸಬರಿಗೆ ಡೆಡ್ ಹಾರ್ಸ್ ಪಾಯಿಂಟ್ ಸ್ಟೇಟ್ ಪಾರ್ಕ್‌ನ ಇಂಟ್ರೆಪಿಡ್ ಟ್ರೈಲ್‌ಗಳೂ ತುಂಬಾ ಚೆನ್ನ, ಆದರೆ ಸುಲಭ ಅಂತ ಬೆಳಗ್ಗೆಯೇ ಅಲ್ಲಿಗೆ ಓಡಬೇಡಿ. ಅದು ಊರಿಗಿಂತ ಆರುನೂರು ಮೀಟರ್ ಮೇಲೆ ಇದೆ, ಗಾಳಿಗೆ ಅಡ್ಡವೇ ಇಲ್ಲ. ಅದನ್ನು ಮಧ್ಯಾಹ್ನಕ್ಕೆ ಇಡಿ. ಕ್ಯಾಪ್ಟನ್ ಅಹಾಬ್ ಟ್ರೈಲ್ ಇರುವ ಅಮಾಸಾ ಬ್ಯಾಕ್ ಕಡೆಗೂ ಮಧ್ಯಾಹ್ನವೇ ವಾಸಿ. ಕಣಿವೆಯ ಗೋಡೆಗಳ ನೆರಳು ಬೆಳಗ್ಗೆ ತುಂಬಾ ಹೊತ್ತು ಬಿಡುವುದಿಲ್ಲ, ಮೇಲಾಗಿ ಶುರುವಿನಲ್ಲೇ ಕೇನ್ ಕ್ರೀಕ್ ಹಳ್ಳ ದಾಟಬೇಕು. ಹೆಪ್ಪುಗಟ್ಟುವ ಚಳಿಯಲ್ಲಿ ಮೊದಲ ಹತ್ತು ನಿಮಿಷಕ್ಕೇ ಸಾಕ್ಸ್ ಒದ್ದೆಯಾದರೆ ದಿನವಿಡೀ ಬೆರಳು ಮರಗಟ್ಟುತ್ತವೆ.

ಸ್ಲಿಕ್‌ರಾಕ್ ಟ್ರೈಲ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1969ರಲ್ಲಿ ಮೋಟರ್‌ಸೈಕಲ್‌ಗಳಿಗೆ ಅಂತ ಗುರುತು ಹಾಕಿದ ದಾರಿ ಅದು, ಸುಮಾರು 17 ಕಿಲೋಮೀಟರ್. ದಾರಿ ಅಂತ ಕಾಣುವುದೇನೂ ಇಲ್ಲ, ಮರಳುಗಲ್ಲಿನ ದಿಬ್ಬಗಳ ಮೇಲೆ ಬಿಳಿ ಬಣ್ಣದ ಪಟ್ಟೆಗಳು ಮಾತ್ರ. ಆ ಪಟ್ಟೆ ಹಿಡಿದೇ ಹೋಗಬೇಕು. ಒಣಗಿದ್ದಾಗ ಅಲ್ಲಿ ಟೈರು ಉಪ್ಪುಕಾಗದಕ್ಕೆ ಹಿಡಿದಂತೆ ಕಚ್ಚುತ್ತದೆ, ಗೋಡೆಯ ಹಾಗೆ ಕಾಣುವ ಏರನ್ನೂ ಹತ್ತಬಹುದು. ಆದರೆ ಸೀಸನ್ ಕೊನೆಯಲ್ಲಿ ಬಂಡೆಯ ಉತ್ತರದ ಮಗ್ಗುಲನ್ನು ಗಮನಿಸಿ. ಹಿಂದಿನ ವಾರ ಬಿದ್ದ ಮಳೆ ಅಥವಾ ಹಿಮ ತಗ್ಗಿನಲ್ಲಿ ನಿಂತು, ರಾತ್ರಿ ಹೆಪ್ಪುಗಟ್ಟಿ, ಬಂಡೆಯದೇ ಬಣ್ಣದ ತೆಳ್ಳನೆಯ ಮಂಜುಗಡ್ಡೆಯ ಪೊರೆ ಆಗಿರುತ್ತದೆ. ನೇರವಾಗಿ ನೋಡಿದರೆ ಕಾಣುವುದಿಲ್ಲ, ಓರೆಯಾಗಿ ಬಗ್ಗಿ ನೋಡಿದರೆ ಸಣ್ಣಗೆ ಹೊಳೆಯುತ್ತದೆ. ದಿಬ್ಬದ ನೆತ್ತಿಯಲ್ಲಿ ಒಂದು ಕ್ಷಣ ನಿಂತು ಇಳಿಯುವ ಮಗ್ಗುಲು ನೋಡಿ, ಅನುಮಾನ ಬಂದರೆ ಇಳಿದು ತಳ್ಳಿ. ಇಳಿಜಾರಿನ ಮಧ್ಯೆ ಅದರ ಮೇಲೆ ಬ್ರೇಕ್ ಹಿಡಿದರೆ ಸೈಕಲ್ ನಿಲ್ಲುವುದಿಲ್ಲ. ಸ್ಲಿಕ್‌ರಾಕ್‌ಗೆ ಹನ್ನೊಂದರ ಮೇಲೆ ಹೋಗಿ. ಇನ್ನೊಂದು ಮಾತು, ಬಂಡೆಯ ಗುಂಡಿಗಳಲ್ಲಿ ನಿಂತ ನೀರಿನೊಳಗೆ ಟೈರು ಇಳಿಸಬೇಡಿ. ಅದರಲ್ಲಿ ಸಣ್ಣ ಸೀಗಡಿಯಂಥ ಜೀವಿಗಳು ಬದುಕುತ್ತವೆ.

ಫ್ರೂಟಾದಲ್ಲಿ ತೊಂದರೆ ಬೇರೆ. ಅಲ್ಲಿನ 18 ರೋಡ್ ಟ್ರೈಲ್‌ಗಳು ಜೇಡಿ ಮಣ್ಣಿನವು. ಒಣಗಿದ್ದರೆ ಮಕ್ಕಳಿಗೂ ಖುಷಿಯಾಗುವಂಥ ತಿರುವುಗಳು, ಒದ್ದೆಯಾದರೆ ಮಣ್ಣು ಚಕ್ರಕ್ಕೆ ಸುತ್ತಿಕೊಂಡು ಸೈಕಲ್ ಉರುಳುವುದೇ ಇಲ್ಲ. ನವೆಂಬರ್‌ನ ಮೋಸ ಏನೆಂದರೆ, ಬೆಳಗ್ಗೆ ಅದೇ ಕೆಸರು ಹೆಪ್ಪುಗಟ್ಟಿ ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ, ಸಲೀಸಾಗಿ ಹೋಗುತ್ತೀರಿ, ಹನ್ನೆರಡಕ್ಕೆ ಕರಗುತ್ತದೆ, ನೀವು ಆಗ ಕಾರಿನಿಂದ ಎಂಟು ಕಿಲೋಮೀಟರ್ ದೂರ ಇರುತ್ತೀರಿ. ಒದ್ದೆ ಮಣ್ಣಿನಲ್ಲಿ ಬಿದ್ದ ಟೈರಿನ ಗೆರೆ ಒಣಗಿದ ಮೇಲೆ ಮುಂದಿನ ವಸಂತದ ತನಕ ಹಾಗೇ ಉಳಿಯುತ್ತದೆ. ಮಳೆ ಬಂದು ಎರಡು ಮೂರು ದಿನ ಆಗಿಲ್ಲ ಅಂದರೆ ಆ ಕಡೆ ಹೋಗಬೇಡಿ, ಕಲ್ಲು ಜಾಸ್ತಿ ಇರುವ ಕೊಕೊಪೆಲ್ಲಿ ಲೂಪ್‌ಗಳ ಕಡೆ ಹೋಗಿ. ಹಾರ್ಸ್‌ಥೀಫ್ ಬೆಂಚ್ ಅಲ್ಲೇ ಇದೆ, ಅದರೊಳಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲುಗಳನ್ನು ಹೆಚ್ಚಿನವರು ಸೈಕಲ್ ಹಿಡಿದು ನಡೆದೇ ಇಳಿಯುತ್ತಾರೆ, ನೀವೂ ನಡೆಯಿರಿ. ಮೇಲಕ್ಕೆ ಬಂದಾಗ ಕೊಲೊರಾಡೋ ನದಿ ಕಾಣುತ್ತದೆ.

ಮರಳಿಗೆ ಮಾತ್ರ ಸ್ವಲ್ಪ ಮಳೆ ಒಳ್ಳೆಯದು. ಬೇಸಿಗೆಯಿಡೀ ಒಣಗಿ ಸಡಿಲಾದ ಮರಳು ಒಂದು ಮಳೆಗೆ ಗಟ್ಟಿಯಾಗುತ್ತದೆ. ಸಡಿಲ ಮರಳು ಎದುರಾದರೆ ಮುಂಚೆಯೇ ಹಗುರ ಗೇರಿಗೆ ಬನ್ನಿ, ಮೈಭಾರ ಹಿಂದಕ್ಕೆ ಹಾಕಿ, ಹ್ಯಾಂಡಲ್ ಸಡಿಲವಾಗಿ ಹಿಡಿದು ಪೆಡಲ್ ನಿಲ್ಲಿಸದೆ ತುಳಿಯಿರಿ. ಮುಂದಿನ ಬ್ರೇಕ್ ಮುಟ್ಟಲೇಬೇಡಿ.

ಪರ್ಮಿಟ್ ಮತ್ತು ನಿಯಮ

ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ವೈಟ್ ರಿಮ್ ರಸ್ತೆ 160 ಕಿಲೋಮೀಟರ್‌ನ ಸುತ್ತು. ಹಗಲಿನಲ್ಲಿ ಹೋಗಿ ಬರಲೂ ಪರ್ಮಿಟ್ ಬೇಕು, ರಾತ್ರಿ ತಂಗಲು ಬೇರೆ ಪರ್ಮಿಟ್. ದಾರಿಯಲ್ಲಿ ಕುಡಿಯುವ ನೀರು ಎಲ್ಲೂ ಸಿಗುವುದಿಲ್ಲ. ಸೀಸನ್ ಕೊನೆಯಲ್ಲಿ ಇದನ್ನು ಒಂದೇ ದಿನಕ್ಕೆ ಮಾಡಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ, ಹಗಲು ಸಾಲುವುದಿಲ್ಲ. ಹಿಂದೆ ಸಾಮಾನು ಹೊತ್ತು ಬರುವ ಒಂದು ಗಾಡಿ ಇಟ್ಟುಕೊಂಡು ಮೂರು ದಿನದಲ್ಲಿ ಆರಾಮಾಗಿ ಮುಗಿಸಿ. ವಸಂತದಲ್ಲಿ ಸಿಗದ ಕ್ಯಾಂಪ್‌ಸೈಟ್‌ಗಳು ಈಗ ಸಿಗುವ ಸಾಧ್ಯತೆ ಜಾಸ್ತಿ.

ರಾಷ್ಟ್ರೀಯ ಉದ್ಯಾನಗಳ ನಡಿಗೆ ದಾರಿಗಳಲ್ಲಿ ಸೈಕಲ್ ಬಿಡುವಂತಿಲ್ಲ, ರಸ್ತೆಗಳಲ್ಲಿ ಮಾತ್ರ. ಎಲೆಕ್ಟ್ರಿಕ್ ಸೈಕಲ್ ಇದ್ದರೆ ಪ್ರತಿ ಟ್ರೈಲ್‌ನ ನಿಯಮ ಬೇರೆ ಬೇರೆ ನೋಡಿಕೊಳ್ಳಬೇಕು, ಒಂದು ಕಡೆ ಬಿಟ್ಟರು ಅಂತ ಇನ್ನೊಂದು ಕಡೆ ಬಿಡುವುದಿಲ್ಲ. ಲಾ ಸಾಲ್ ಬೆಟ್ಟಗಳ ಕಡೆ ಅಕ್ಟೋಬರ್‌ನಲ್ಲಿ ಜಿಂಕೆ ಬೇಟೆಯ ಕಾಲ, ಆದ್ದರಿಂದ ಎದ್ದು ಕಾಣುವ ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಳ್ಳಿ.

ಮಣ್ಣಿನ ಹಕ್ಕಳೆ ಬಗ್ಗೆ ದಯವಿಟ್ಟು ಕೇಳಿ. ಟ್ರೈಲ್ ಪಕ್ಕದಲ್ಲಿ ಕಪ್ಪಗೆ, ಗಂಟುಗಂಟಾಗಿ, ಸುಟ್ಟ ಹಾಗೆ ಕಾಣುವ ಮಣ್ಣು ಇರುತ್ತದಲ್ಲ, ಅದು ಸತ್ತ ಮಣ್ಣಲ್ಲ. ಸೂಕ್ಷ್ಮಜೀವಿಗಳು, ಕಲ್ಲುಹೂವು, ಪಾಚಿ ಎಲ್ಲ ಸೇರಿ ಮರಳಿನ ಕಣಗಳನ್ನು ಹೆಣೆದು ಹಿಡಿದಿರುವ ಜೀವಂತ ಪದರ. ಮಣ್ಣು ಗಾಳಿಗೆ ಹಾರದಂತೆ, ನೀರಿಗೆ ಕೊಚ್ಚಿ ಹೋಗದಂತೆ ತಡೆಯುವುದು ಅದೇ. ಒಂದು ಸಲ ಕಾಲಿಟ್ಟರೆ ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು. ಫೋಟೋಗೆ ಅಂತ, ಎದುರಿನವರಿಗೆ ದಾರಿ ಬಿಡಲು ಅಂತ, ಮೂತ್ರಕ್ಕೆ ಅಂತ ಸುಮ್ನೆ ಪಕ್ಕಕ್ಕೆ ಕಾಲಿಡಬೇಡಿ. ನಿಲ್ಲಬೇಕಾದರೆ ಬಂಡೆಯ ಮೇಲೆ ಅಥವಾ ಒಣ ಹಳ್ಳದ ಮರಳಿನಲ್ಲಿ ನಿಲ್ಲಿ.

ಸೈಕಲ್ ಸಿದ್ಧತೆ

ವಿಮಾನದಲ್ಲಿ ಬರುವವರು ಸೈಕಲ್ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಮೋಆಬ್‌ನಲ್ಲಿ 140ರಿಂದ 160 ಮಿಲಿಮೀಟರ್ ಸಸ್ಪೆನ್ಷನ್ ಇರುವ ಸೈಕಲ್ ಬೇಕಾಗುತ್ತದೆ, ನಿಮ್ಮ ಹತ್ತಿರ ಅದಕ್ಕಿಂತ ಸಣ್ಣದು ಇದ್ದರೆ ಸಾಗಿಸುವ ಖರ್ಚೇ ದಂಡ. ಆದರೆ ಸೀಸನ್ ಕೊನೆಯಲ್ಲಿ ಅಂಗಡಿಗಳು ಬೇಗ ಮುಚ್ಚುತ್ತವೆ, ಕೆಲವು ವಾರದಲ್ಲಿ ಒಂದೆರಡು ದಿನ ತೆಗೆಯುವುದೇ ಇಲ್ಲ. ಫೋನ್ ಮಾಡಿ ಸಮಯ ಕೇಳಿಕೊಂಡೇ ಹೋಗಿ.

ಸ್ವಂತ ಸೈಕಲ್ ಆದರೆ ಟೈರಿನಿಂದ ಶುರು ಮಾಡಿ. ಅಲ್ಲಿ ಗೋಟ್‌ಹೆಡ್ ಅನ್ನುವ ಮುಳ್ಳು ಇದೆ, ನಮ್ಮ ಹೊಲದ ಬದುಗಳ ನೆಗ್ಗಿಲು ಮುಳ್ಳೇ ಅದು. ಮೇಲೆ ಕಳ್ಳಿಯ ಮುಳ್ಳು ಬೇರೆ. ಟ್ಯೂಬ್‌ಲೆಸ್ ಇಲ್ಲದೆ ಹೋಗಲೇಬೇಡಿ. ಒಣ ಹವೆಯಲ್ಲಿ ಒಳಗಿನ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಬೇಗ ಒಣಗುತ್ತದೆ, ಹೊರಡುವ ವಾರ ಹೊಸದಾಗಿ ಹಾಕಿ, 29 ಇಂಚಿನ ಚಕ್ರಕ್ಕೆ ನೂರು ಮಿಲಿ ಇರಲಿ. ಚಕ್ರಕ್ಕೆ ಮುಳ್ಳು ಚುಚ್ಚಿದ್ದು ಕಂಡರೆ ಕೂಡಲೇ ಕೀಳಬೇಡಿ, ಚಕ್ರ ತಿರುಗಿಸಿ ಮುಳ್ಳು ಕೆಳಗೆ ಬರುವಂತೆ ಇಟ್ಟು ಆಮೇಲೆ ಕಿತ್ತರೆ ಸೀಲೆಂಟ್ ಅಲ್ಲಿಗೇ ಬಂದು ತೂತು ಮುಚ್ಚುತ್ತದೆ.

ಗಾಳಿ ತುಂಬಿಸುವುದು ಹೊರಗೆ, ಚಳಿಯಲ್ಲಿ. ಬೆಚ್ಚಗಿನ ರೂಮಿನಲ್ಲಿ 20 ಡಿಗ್ರಿಯಲ್ಲಿ 22 ಪಿಎಸ್‌ಐ ತುಂಬಿಸಿದ ಟೈರು ಸೊನ್ನೆ ಡಿಗ್ರಿಗೆ ಬಂದಾಗ ಎರಡೂವರೆ ಪಿಎಸ್‌ಐ ಹತ್ತಿರ ಇಳಿದಿರುತ್ತದೆ. ಚೂಪು ಕಲ್ಲುಗಳ ಮೇಲೆ ಅಷ್ಟು ಇಳಿದರೆ ರಿಮ್‌ಗೆ ಏಟು ಬೀಳುತ್ತದೆ. ಸಸ್ಪೆನ್ಷನ್‌ದೂ ಇದೇ ಕತೆ: ಒಳಗಿನ ಗಾಳಿ ಕುಗ್ಗುತ್ತದೆ, ಎಣ್ಣೆ ಮಂದವಾಗುತ್ತದೆ. ಬೆಳಗ್ಗೆ ರೀಬೌಂಡ್ (ಕುಗ್ಗಿದ ಸಸ್ಪೆನ್ಷನ್ ಮತ್ತೆ ಏಳುವ ವೇಗ) ಎರಡು ಕ್ಲಿಕ್ ವೇಗಕ್ಕೆ ತಿರುಗಿಸಿ, ಮಧ್ಯಾಹ್ನ ವಾಪಸ್ ತನ್ನಿ. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿ, ಒಂದು ಜೊತೆ ಬ್ಯಾಗಿನಲ್ಲೂ ಇರಲಿ. ಚೈನಿಗೆ ಒಣ ಹವೆಯ ಎಣ್ಣೆ ಹಾಕಿ ಚೆನ್ನಾಗಿ ಒರೆಸಿ.

ಬಟ್ಟೆ, ನೀರು, ಬ್ಯಾಗು

ಹತ್ತಿ ಬಟ್ಟೆ ಬೇಡ. ಒಳಗೆ ತೆಳು ಉಣ್ಣೆಯದು ಅಥವಾ ಬೆವರು ಹೀರುವ ಸಿಂಥೆಟಿಕ್, ಮೇಲೆ ಗಾಳಿ ತಡೆಯುವ ಜಾಕೆಟ್, ಬ್ಯಾಗಿನಲ್ಲಿ ಹಗುರವಾದ ಒಂದು ಬೆಚ್ಚನೆ ಜಾಕೆಟ್. ಆ ಕೊನೆಯದನ್ನು ತುಳಿಯುವಾಗ ಹಾಕಬೇಡಿ, ನಿಂತ ಕೂಡಲೇ ಹಾಕಿ. ಎರಡು ಜೊತೆ ಗ್ಲೌಸ್ ಬೇಕು, ಬೆಳಗ್ಗೆಗೆ ದಪ್ಪ, ಮಧ್ಯಾಹ್ನಕ್ಕೆ ತೆಳು. ಮೊಣಕಾಲಿನ ಪ್ಯಾಡ್ ಪೆಟ್ಟಿನಿಂದ ಕಾಪಾಡುವುದರ ಜೊತೆಗೆ ಚಳಿಗೂ ಆಗುತ್ತದೆ.

ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಗಾಳಿ ಮಾತ್ರ ಬೇಸಿಗೆಯಷ್ಟೇ ಒಣ. ಮೂರು ಲೀಟರ್ ಹೊರಿ, ಟ್ರೈಲ್‌ನಲ್ಲಿ ನೀರು ಸಿಗುತ್ತದೆ ಅಂತ ನಂಬಬೇಡಿ. ಬೆಳಗ್ಗೆ ಉಗುರು ಬೆಚ್ಚಗಿನ ನೀರು ತುಂಬಿಸಿ. ಬೆನ್ನಿನ ನೀರಿನ ಚೀಲದ ಕೊಳವೆಯಿಂದ ಕುಡಿದಾದ ಮೇಲೆ ಅದರೊಳಕ್ಕೆ ಊದಿ, ಒಳಗಿನ ನೀರು ಚೀಲಕ್ಕೆ ವಾಪಸ್ ಹೋಗುತ್ತದೆ. ಇಲ್ಲದಿದ್ದರೆ ಮೊದಲು ಹೆಪ್ಪುಗಟ್ಟುವುದು ಬಾಯಿಗಿಡುವ ತುದಿಯೇ.

ಉಳಿದಂತೆ ಪಂಪು, ಟೈರ್ ಪ್ಲಗ್, ಒಂದು ಟ್ಯೂಬು, ಚೈನ್ ಲಿಂಕ್, ಹೆಡ್‌ಲೈಟ್, ಬೆಂಕಿಪೊಟ್ಟಣ, ಮಡಚುವ ಬೆಳ್ಳಿ ಬಣ್ಣದ ತುರ್ತು ಹೊದಿಕೆ. ಟೈರಿಗೆ ಥಟ್ಟನೆ ತುಂಬಿಸುವ ಸಣ್ಣ ಸಿಓ2 ಸಿಲಿಂಡರ್ ಬೇಕಾದರೆ ಅಲ್ಲಿಗೆ ಹೋಗಿ ಕೊಳ್ಳಿ, ವಿಮಾನದಲ್ಲಿ ತರಬೇಡಿ. ಫೋನ್ ಸಿಗ್ನಲ್ ಕಣಿವೆಗಳಲ್ಲಿ ಇರುವುದಿಲ್ಲ, ಟ್ರೈಲ್‌ಫೋರ್ಕ್ಸ್ ಅನ್ನುವ ಆ್ಯಪ್‌ನಲ್ಲಿ ಮ್ಯಾಪ್ ಮುಂಚೆಯೇ ಇಳಿಸಿಕೊಳ್ಳಿ. ಚಳಿಗೆ ಫೋನ್ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಅದನ್ನು ಹ್ಯಾಂಡಲ್ ಮೇಲೆ ಸಿಕ್ಕಿಸದೆ ಒಳಜೇಬಿನಲ್ಲಿ ಇಡಿ. ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇರಲಿ, ಬಾಡಿಗೆಗೂ ಸಿಗುತ್ತದೆ. ಯಾವ ಟ್ರೈಲ್, ಎಷ್ಟೊತ್ತಿಗೆ ವಾಪಸ್ ಅಂತ ಊರಿನಲ್ಲಿರುವ ಒಬ್ಬರಿಗೆ ಹೇಳಿಯೇ ಹೊರಡಿ. ಬೇಸಿಗೆಯಲ್ಲಿ ಕಾಲು ಮುರಿದುಕೊಂಡವರ ಪಕ್ಕದಲ್ಲಿ ಇನ್ನೊಬ್ಬ ಸವಾರ ಹತ್ತು ನಿಮಿಷಕ್ಕೆ ಬರುತ್ತಾನೆ, ನವೆಂಬರ್ ಮಂಗಳವಾರ ಯಾರೂ ಬರದೇ ಇರಬಹುದು.

ವಾಪಸ್ ಬರುವ ದಾರಿ

ಮೋಆಬ್‌ಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಸಾಲ್ಟ್ ಲೇಕ್ ಸಿಟಿ, ಸುಮಾರು 375 ಕಿಲೋಮೀಟರ್. ಗ್ರ್ಯಾಂಡ್ ಜಂಕ್ಷನ್ ಇನ್ನೂ ಹತ್ತಿರ, ಆದರೆ ಸಣ್ಣದು. ಡೆನ್ವರ್‌ನಿಂದ ಬರುವವರು ಐ-70 ಹೆದ್ದಾರಿಯಲ್ಲಿ ವೇಲ್ ಪಾಸ್ ಮತ್ತು 3,400 ಮೀಟರ್ ಎತ್ತರದ ಐಸನ್‌ಹೋವರ್ ಸುರಂಗ ದಾಟಬೇಕು. ಮರುಭೂಮಿಯಲ್ಲಿ ಬಿಸಿಲು ಕಾಯುತ್ತಿದ್ದಾಗಲೇ ಅಲ್ಲಿ ಹಿಮ ಸುರಿಯುತ್ತಿರಬಹುದು. ಕೊಲೊರಾಡೋದ ಕಾನೂನಿನ ಪ್ರಕಾರ ಸೆಪ್ಟೆಂಬರ್ 1ರಿಂದ ಮೇ 31ರ ತನಕ ಆ ಹೆದ್ದಾರಿಯ ಡಾಟ್ಸೀರೋದಿಂದ ಮಾರಿಸನ್ ವರೆಗಿನ ಭಾಗದಲ್ಲಿ ಹಿಮಕ್ಕೆ ತಕ್ಕ ಟೈರು ಅಥವಾ ಚೈನು ಗಾಡಿಯಲ್ಲಿ ಇರಲೇಬೇಕು. ಬಾಡಿಗೆ ಕಾರು ತೆಗೆದುಕೊಳ್ಳುವಾಗ ಟೈರ್ ಯಾವುದು ಅಂತ ಕೌಂಟರ್‌ನಲ್ಲೇ ಕೇಳಿ, ಸುಮ್ನೆ ಫೋರ್ ವೀಲ್ ಡ್ರೈವ್ ಅಂತ ಹೇಳಿದರೆ ಒಪ್ಪಿಕೊಳ್ಳಬೇಡಿ, ಹೊರಗೆ ಹೋಗಿ ಟೈರಿನ ಮಗ್ಗುಲಲ್ಲಿ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇದೆಯಾ ನೋಡಿ. ಥ್ಯಾಂಕ್ಸ್‌ಗಿವಿಂಗ್ ಬರುವುದು ನವೆಂಬರ್‌ನ ನಾಲ್ಕನೇ ಗುರುವಾರ, ಅದರ ನಂತರದ ಭಾನುವಾರ ಆ ರಸ್ತೆ ತುಂಬಿ ತುಳುಕುತ್ತದೆ. ವಿಮಾನ ಸೋಮವಾರ ಇದ್ದರೆ ಶನಿವಾರ ಸಂಜೆಯೇ ಹೊರಡಿ, ಅಥವಾ ಭಾನುವಾರ ಬೆಳಗ್ಗೆ ಬೇಗ ಎದ್ದು, ಸೈಕಲ್ ಮುಂಚಿನ ರಾತ್ರಿಯೇ ಪ್ಯಾಕ್ ಮಾಡಿಟ್ಟುಕೊಂಡು.